ಪೆಟ್ಟು ತಿಂದವಳು ನ್ಯಾಯ ಹೇಳಬಾರದೆ?



ಅಮೆರಿಕದಲ್ಲಿ ಅನೇಕ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವುದು ಜ್ಯೂರಿ, ಅಂದರೆ ಊರಿನ ಸಾಮಾನ್ಯ ಜನರ ಗುಂಪು. ಹೆಂಡತಿಯನ್ನು ಹೊಡೆದವನ ಮೊಕದ್ದಮೆಯಾದರೆ, ಜ್ಯೂರಿಗೆ ಕರೆಸಿದವರನ್ನು ಮೊದಲೇ ಕೇಳುವುದುಂಟು: "ನಿಮ್ಮ ಮನೆಯಲ್ಲಿ ಇಂಥದ್ದು ನಡೆದಿದೆಯೇ?" ಒಬ್ಬಾಕೆ "ಹೌದು" ಎಂದರೆ, ಅವಳನ್ನು ತೆಗೆಯಿರಿ ಎಂದು ಆರೋಪಿಯ ವಕೀಲರು ಕೇಳಬಹುದು. ಪೆಟ್ಟು ತಿಂದದ್ದೇ ಅನರ್ಹತೆಯೇ? ಅಲ್ಲ ಎನ್ನುತ್ತೇನೆ ನಾನು.

ಜ್ಯೂರಿಯಿಂದ ತೆಗೆಸಲು ಎರಡು ದಾರಿಗಳಿವೆ. ಒಂದು, ಕಾರಣ ತೋರಿಸಿ ಆಕ್ಷೇಪಿಸುವುದು. ಎಷ್ಟು ಜನರನ್ನಾದರೂ ಹೀಗೆ ಆಕ್ಷೇಪಿಸಬಹುದು, ಆದರೆ ನ್ಯಾಯಾಧೀಶರು ಒಪ್ಪಬೇಕು. ಇನ್ನೊಂದು, ಕಾರಣ ಹೇಳದೆಯೇ ಕೆಲವರನ್ನು ಕೈಬಿಡುವ ಹಕ್ಕು. ಅರಿಜೋನಾ ರಾಜ್ಯ ಇದನ್ನು 2022ರಲ್ಲಿ ರದ್ದು ಮಾಡಿತು.

'ಕಾರಣ' ಎಂದರೇನು? ಆರೋಪಿಯ ನೆಂಟಸ್ತಿಕೆ, ಹಣದ ಹಿತಾಸಕ್ತಿ, ಮೊದಲೇ ಗಟ್ಟಿಯಾದ ತೀರ್ಮಾನ. ಮನಸ್ಸಿನಲ್ಲಿ ಅಭಿಪ್ರಾಯವಿದ್ದ ಮಾತ್ರಕ್ಕೆ ಯಾರೂ ಅನರ್ಹರಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟು 1961ರಲ್ಲಿ ಹೇಳಿತು. ಅದನ್ನು ಬದಿಗಿಟ್ಟು ಸಾಕ್ಷ್ಯದ ಮೇಲೆ ತೀರ್ಪು ಕೊಡಬಲ್ಲರೇ ಎಂಬುದೇ ಒರೆಗಲ್ಲು.

ಅನುಭವ ಬೇರೆ, ಪೂರ್ವಗ್ರಹ ಬೇರೆ. "ಗಂಡಸರೆಲ್ಲ ಹೀಗೇ, ಸಾಕ್ಷ್ಯ ಯಾಕೆ?" ಎನ್ನುವವಳನ್ನು ತೆಗೆಯಲಿ, ಸರಿ. ಆದರೆ "ಹೆಂಡತಿಗೆ ಎರಡೇಟು ಹಾಕುವುದು ಮನೆಯ ವಿಷಯ" ಎನ್ನುವವನನ್ನೂ ತೆಗೆಯಬೇಕಲ್ಲವೆ? ನೋವುಂಡವಳನ್ನು ಮಾತ್ರ ಅನುಮಾನಿಸಿ, ಹೊಡೆತವನ್ನು ಸಹಜವೆಂದು ನಂಬಿದವನನ್ನು ನಿಷ್ಪಕ್ಷಪಾತಿ ಎನ್ನುವುದು ಯಾವ ನ್ಯಾಯ?

ಒಂದು ಕಾಲಕ್ಕೆ ಹೆಣ್ಣಾಗಿರುವುದೇ ಹೊರಗಿಡಲು ಸಾಕಾಗಿತ್ತು. ಫ್ಲಾರಿಡಾದಲ್ಲಿ ತಾವಾಗಿ ಹೆಸರು ಬರೆಸಿದ ಹೆಂಗಸರನ್ನು ಮಾತ್ರ ಜ್ಯೂರಿಗೆ ಕರೆಯುತ್ತಿದ್ದರು. ಗಂಡನನ್ನು ಕೊಂದ ಆರೋಪ ಹೊತ್ತ ಹಾಯ್ಟ್ ಎಂಬಾಕೆಯನ್ನು ಅಪರಾಧಿ ಎಂದದ್ದು ಬರೀ ಗಂಡಸರ ಜ್ಯೂರಿ. ಹೆಣ್ಣು ಮನೆಯ ಕೇಂದ್ರವೆಂಬ ನೆಪದಲ್ಲಿ ಸುಪ್ರೀಂ ಕೋರ್ಟು 1961ರಲ್ಲಿ ಇದನ್ನು ಎತ್ತಿಹಿಡಿಯಿತು. ಇಂಥ ಪದ್ಧತಿ ಬಿದ್ದದ್ದು 1975ರಲ್ಲಿ. 1994ರಲ್ಲಿ ಅಲಬಾಮಾದ ಒಂದು ಪಿತೃತ್ವದ ಮೊಕದ್ದಮೆಯಲ್ಲಿ ಸರ್ಕಾರಿ ಪಕ್ಷ ಗಂಡಸರನ್ನು ಕೈಬಿಟ್ಟಿತ್ತು, ಎದುರು ಪಕ್ಷ ಹೆಂಗಸರನ್ನು. ಲಿಂಗ ನೋಡಿ ಯಾರನ್ನೂ ಕೈಬಿಡುವಂತಿಲ್ಲ ಎಂದಿತು ಕೋರ್ಟು.

ನಮ್ಮಲ್ಲಿ ಜ್ಯೂರಿ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಆದರೆ ವರದಕ್ಷಿಣೆ ಜಗಳ ಬಂದಾಗ ರಾಜಿ ಪಂಚಾಯಿತಿ ಕೂರಿಸುವುದು ನಮಗೆ ಗೊತ್ತೇ ಇದೆ. ಅಲ್ಲಿ ಹುಡುಗನ ಸೋದರಮಾವ ಕೂತಿದ್ದಾನೆಯೇ? ಅವನಿಗೆ ಸಾಲ ಕೊಟ್ಟವನೇ? ಹುಡುಗಿ ಬಾಯಿ ಬಿಡುವ ಮೊದಲೇ "ಹೊಂದಿಕೊಂಡು ಹೋಗಮ್ಮ" ಎನ್ನುವವರೇ? ಇವು ಆಕ್ಷೇಪಣೆಗೆ ತಕ್ಕ ಕಾರಣಗಳು. "ಅವಳೂ ಗಂಡನ ಮನೆ ಬಿಟ್ಟು ಬಂದವಳು, ಅವಳೇನು ನ್ಯಾಯ ಹೇಳ್ತಾಳೆ?" ಎಂಬುದು ಕಾರಣವಲ್ಲ.

ಮುಂದಿನ ಸಂಘದ ಸಭೆಯಲ್ಲಿ ಇದನ್ನು ಚರ್ಚಿಸಿ. ಯಾರನ್ನಾದರೂ ಹೊರಗಿಡುವಾಗ "ಕಾರಣವೇನು?" ಎಂದು ಎದ್ದು ನಿಂತು ಕೇಳಿ.