ಮೊದಲ ಹೊಲಿಗೆಯ ಎಚ್ಚರ

ಉದರದ ಶಸ್ತ್ರಚಿಕಿತ್ಸೆಯ ಗಾಯ ಹೊರಗೆ ಮಾಯ್ದರೂ ಒಳಪದರ ಬಿಟ್ಟುಕೊಂಡು, ಹಳೆಯ ಕಲೆಯಡಿಯಲ್ಲಿ ಕರುಳು ಉಬ್ಬಿಬರುವುದುಂಟು. ಇದೇ ಗಾಯದ ಹರ್ನಿಯ. ಕಿರುರಂಧ್ರಗಳ ಮೂಲಕ ದರ್ಶಕನಳಿಕೆಯನ್ನೂ ಬಲೆಯನ್ನೂ ಒಳಸೇರಿಸಿ ಇದನ್ನು ಸರಿಪಡಿಸುವ ವಿಧಾನವನ್ನು ಅಮೆರಿಕದ ಲೆಬ್ಲಾಂಕ್ ಮತ್ತು ಬೂತ್ 1993ರಲ್ಲಿ ವರದಿ ಮಾಡಿದರು. ಗಾಯ ಕಿರಿದು, ಅದು ಕೀವಾಗುವ ಭಯವೂ ಕಡಿಮೆ, ಸಂತೋಷವೇ. ಆದರೆ ರಂಧ್ರ ಕಿರಿದೆಂದು ಅಪಾಯವನ್ನೂ ಕಿರಿದೆಂದು ಬಗೆಯಲಾಗದು. ಕಲೆಗಂಟಿದ ಕರುಳನ್ನು ಬಿಡಿಸುವಾಗ ಅದು ಹರಿದು, ಹರಿದುದು ಕಣ್ತಪ್ಪಿದರೆ ಪ್ರಾಣಕ್ಕೇ ಸಂಚಕಾರ.

ಆದಕಾರಣ ಮೊದಲ ಹೊಲಿಗೆಯ ಎಚ್ಚರವೇ ಮುಖ್ಯವೆಂದು ನಾವು ಭಾವಿಸುತ್ತೇವೆ. 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪರೀಕ್ಷೆಯೊಂದರಲ್ಲಿ, ವರ್ಷದ ಬಳಿಕ, ದೊಡ್ಡ ಹೊಲಿಗೆಯವರಲ್ಲಿ ಶೇಕಡ 21 ಮಂದಿಗೆ ಹರ್ನಿಯ ಕಂಡರೆ, ಸಣ್ಣ, ಒತ್ತಾದ ಹೊಲಿಗೆಯವರಲ್ಲಿ ಶೇಕಡ 13 ಮಂದಿಗೆ ಮಾತ್ರ ಕಂಡಿತು. ಹರಿದುದಕ್ಕೆ ಜಾಣತನದ ತೇಪೆ ಹಾಕುವುದಕ್ಕಿಂತ ಹರಿಯದಂತೆ ಹೊಲಿಯುವುದು ಮೇಲಲ್ಲವೆ?