ಗಂಟೆಗೊಮ್ಮೆ ಮೂತ್ರ: ಮೊದಲು ಅಳೆದು ನೋಡಿ

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಹಾಸ್ಟೆಲ್‌ನಲ್ಲಿದ್ದು ಇಂಜಿನಿಯರಿಂಗ್ ಓದ್ತಿದ್ದಾನೆ. ಎರಡು ತಿಂಗಳಿಂದ ಗಂಟೆಗೊಂದು ಸಲ ಮೂತ್ರಕ್ಕೆ ಹೋಗ್ತಾನೆ. ಉರಿ ಇಲ್ಲ, ನೋವಿಲ್ಲ. ಮೂತ್ರ ಪರೀಕ್ಷೆ ಮಾಡಿಸಿದೆವು, ನಾರ್ಮಲ್ ಅಂತ ಬಂತು. ಬಸ್ಸಲ್ಲಿ ಊರಿಗೆ ಬರೋಕೂ ಹೆದರಿ, ಹೊರಡೋ ದಿನ ನೀರೇ ಕುಡಿಯಲ್ಲ. ಈ ವಯಸ್ಸಿಗೇ ಶುಗರ್ ಬಂದಿರಬಹುದಾ?
– ಹೆಸರು ಬೇಡ, ಹಾಸನ

ಉತ್ತರ: ಎಷ್ಟು ಸಲ ಹೋಗ್ತಾನೆ ಅಂತ ಬರೆದಿದ್ದೀರಿ, ಒಂದೊಂದು ಸಲಕ್ಕೆ ಎಷ್ಟು ಹೋಗುತ್ತದೆ ಅಂತ ಬರೆದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಆರೋಗ್ಯವಂತರು ದಿನಕ್ಕೆ ಆರೇಳು ಸಲ, ಹೆಚ್ಚೆಂದರೆ ಎಂಟು ಸಲ ಹೋಗುತ್ತಾರೆ. ಮೂತ್ರಕೋಶ 300-400 ಮಿಲಿಲೀಟರ್‌ವರೆಗೆ ಆರಾಮಾಗಿ ತಡೆದುಕೊಳ್ಳುತ್ತದೆ. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಮಗ್ ಒಂದನ್ನು ಮಗನಿಗೆ ಕೊಡಿ. ಮೂರು ದಿನ, ಅದರಲ್ಲಿ ಒಂದು ರಜಾ ದಿನ ಇರಲಿ, ಹೋದ ಹೊತ್ತು, ಹೋದ ಪ್ರಮಾಣ, ಕುಡಿದದ್ದು ಏನು ಎಷ್ಟು, ಎಲ್ಲ ಬರೆದಿಡಲಿ. ನಾಚಿಕೆ ಅನ್ನಿಸಬಹುದು, ಆದರೆ ವೈದ್ಯರಿಗೆ ಈ ಒಂದು ಹಾಳೆ ತುಂಬಾ ಹೇಳುತ್ತದೆ.

ಪ್ರತಿಸಲವೂ ಧಾರಾಳವಾಗಿ ಹೋಗಿ, ದಿನದ ಲೆಕ್ಕ ಮೂರು ಲೀಟರ್ ದಾಟಿದರೆ ದೇಹದಲ್ಲಿ ಮೂತ್ರವೇ ಹೆಚ್ಚು ತಯಾರಾಗುತ್ತಿದೆ ಎಂದರ್ಥ. ಮೊಬೈಲ್‌ನಲ್ಲಿ ಯಾರೋ ಹೇಳಿದರು ಅಂತ ದಿನಕ್ಕೆ ಐದು ಲೀಟರ್ ನೀರು ಕುಡಿಯುವ ಹುಡುಗರೂ ಇದ್ದಾರೆ ಅನ್ನಿ! ಅದಲ್ಲದಿದ್ದರೆ ಶುಗರ್ ನೋಡಬೇಕು. ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿದು, ಜೊತೆಗೆ ನೀರನ್ನೂ ಎಳೆದುಕೊಂಡು ಬರುತ್ತದೆ. ಮೂತ್ರದಲ್ಲಿ ಸಕ್ಕರೆ ಇಲ್ಲದಿದ್ದರೆ ಸಮಾಧಾನದ ವಿಷಯವೇ. ಆದರೂ ರಕ್ತ ಪರೀಕ್ಷೆಯನ್ನು ಈ ವಾರವೇ ಮಾಡಿಸಿ, ಮೂರು ದಿನದ ಲೆಕ್ಕಕ್ಕೆ ಕಾಯಬೇಡಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಕ್ಷಣ ವೈದ್ಯರಿಗೆ ತೋರಿಸಿ. ಎಳೆಯರಿಗೆ ಬರುವ ಟೈಪ್ 1 ಸಕ್ಕರೆ ಕಾಯಿಲೆ ನಿಧಾನಸ್ಥ ಅಲ್ಲ. ವಿಪರೀತ ಬಾಯಾರಿಕೆ, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ರಾತ್ರಿ ಎದ್ದೆದ್ದು ಹೋಗುವುದು ಅದರ ಗುರುತು. ಇವುಗಳ ಜೊತೆ ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಸಲಕ್ಕೆ ನೂರು ಮಿಲಿಲೀಟರ್‌ನಷ್ಟೇ ಹೋಗಿ, ರಾತ್ರಿ ಎಚ್ಚರವಾಗದೆ ನಿದ್ದೆ ಮಾಡುತ್ತಾನಾದರೆ ಕಥೆ ಬೇರೆ. ಉರಿ ಇಲ್ಲ, ರಿಪೋರ್ಟ್ ಸರಿಯಿದೆ ಅನ್ನುವುದನ್ನು ನೋಡಿದರೆ ನನಗೆ ಇದರ ಮೇಲೇ ಹೆಚ್ಚು ಅನುಮಾನ. ಕಾಫಿ, ಟೀ, ಕೋಲಾ, ಎನರ್ಜಿ ಡ್ರಿಂಕ್ ಮೂತ್ರಕೋಶವನ್ನು ಕೆಣಕುತ್ತವೆ. ಮಲಬದ್ಧತೆಯೂ ಅಷ್ಟೇ, ತುಂಬಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ. ಹಾಸ್ಟೆಲ್ ಊಟದಲ್ಲಿ ಸೊಪ್ಪು ತರಕಾರಿ ಎಷ್ಟಿರುತ್ತದೆ ಅಂತ ಕೇಳಿ ನೋಡಿ. ಪರೀಕ್ಷೆಯ ಆತಂಕವೂ ಒಂದು ಕಾರಣ. ಕ್ಲಾಸಿಗೆ ಮೊದಲೊಮ್ಮೆ, ಬಸ್ ಹತ್ತುವ ಮೊದಲೊಮ್ಮೆ, 'ಯಾವುದಕ್ಕೂ ಇರಲಿ' ಅಂತ ಹೋಗಿ ಹೋಗಿ, ಅರ್ಧ ತುಂಬುವ ಮೊದಲೇ ಅವಸರ ಮಾಡುವುದನ್ನು ಮೂತ್ರಕೋಶ ಕಲಿತುಬಿಡುತ್ತದೆ. ಇದನ್ನು ಮರೆಸಬಹುದು. ಅವಸರವಾದಾಗ ಹತ್ತು ನಿಮಿಷ ತಡೆಯಲಿ. ಒಂದು ವಾರ ಕಳೆದ ಮೇಲೆ ಹದಿನೈದು ನಿಮಿಷ, ಹೀಗೆ ಎರಡು ಮೂರು ಗಂಟೆಯ ಅಂತರಕ್ಕೆ ಬರಲಿ. ಆರೆಂಟು ವಾರ ಬೇಕಾಗುತ್ತದೆ. ನೀರು ಬಿಡುವುದು ಮಾತ್ರ ಖಂಡಿತ ಬೇಡ. ಗಟ್ಟಿಯಾದ ಹಳದಿ ಮೂತ್ರ ಅವಸರವನ್ನು ಇನ್ನೂ ಹೆಚ್ಚಿಸುತ್ತದೆ, ಕಲ್ಲಿಗೂ ದಾರಿ ಮಾಡುತ್ತದೆ.

ಮೂತ್ರದಲ್ಲಿ ರಕ್ತ, ಜ್ವರ, ಪಕ್ಕೆನೋವು, ಧಾರೆ ಸಣ್ಣಗಾಗುವುದು, ಹೋಗಿ ಬಂದರೂ ಉಳಿದಂತೆ ಅನ್ನಿಸುವುದು, ಇವು ಯಾವುದಿದ್ದರೂ ಮೂತ್ರರೋಗ ತಜ್ಞರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಬೇಕಾಗಬಹುದು. ಕಲ್ಲು, ಪ್ರಾಸ್ಟೇಟ್ ಗ್ರಂಥಿಯ ಊತ, ಲೈಂಗಿಕ ಸಂಪರ್ಕದಿಂದ ಬಂದ ಸೋಂಕು ಈ ವಯಸ್ಸಿನಲ್ಲೂ ಇರುತ್ತವೆ. ಹಾಗಾಗಿ ವೈದ್ಯರ ಕೋಣೆಗೆ ಅವನೊಬ್ಬನೇ ಹೋಗಲಿ, ನೀವು ಹೊರಗೆ ಕೂತಿರಿ. ಮೂತ್ರದಲ್ಲಿ 'ಧಾತು ಹೋಗ್ತಿದೆ' ಅಂತ ಹೆದರಿ, ಗೋಡೆಬರಹ ನೋಡಿ ಗುಟ್ಟಾಗಿ ಪುಡಿ ತಿನ್ನುವ ಹುಡುಗರು ಕಡಿಮೆಯೇನಿಲ್ಲ. ಆ ಮಾತು ಅಮ್ಮನ ಎದುರು ಬಾಯಿಗೆ ಬರುವುದಿಲ್ಲ.