ಕೆಡವಿದ ಮೇಲೆ ಯೋಚಿಸುವವರು

ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ತೀರ್ಪು ಬರುವ ತನಕವಾದರೂ ಕಾಯಬಹುದಿತ್ತು. ಕಾಯಲಿಲ್ಲ. 2024ರ ಜನವರಿ, ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋಗಿದ್ದ ಹೊತ್ತು. ನಡುರಾತ್ರಿ ನೂರಾರು ಪೊಲೀಸರೊಂದಿಗೆ ಬಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಬರ್ಕ್ಲಿಯ ಪೀಪಲ್ಸ್ ಪಾರ್ಕಿನ ಸುತ್ತ ಹಡಗಿನ ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಎಬ್ಬಿಸಿತು. ಮೂರು ಎಕರೆಯೂ ಇಲ್ಲದ ಪಾರ್ಕಿಗೆ ಕಬ್ಬಿಣದ ಕೋಟೆ!

ಕಾರಣ? ವಿದ್ಯಾರ್ಥಿಗಳಿಗೆ ವಸತಿ ಬೇಕಂತೆ. ಬೇಕು, ಯಾರು ಬೇಡವೆಂದರು? ಸುಮಾರು 1,100 ವಿದ್ಯಾರ್ಥಿಗಳಿಗೆ ಜಾಗ, ಸೂರಿಲ್ಲದವರಿಗೂ ಒಂದು ಕಟ್ಟಡ. ಯೋಜನೆ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಆ ನೆಲದ ಮೇಲೆ ಮನೆಗಳಿದ್ದವಲ್ಲ ಸ್ವಾಮಿ! 1967ರಲ್ಲಿ ಅವನ್ನು ಬಲವಂತವಾಗಿ ಸ್ವಾಧೀನಕ್ಕೆ ತೆಗೆದುಕೊಂಡು ಮರುವರ್ಷ ನೆಲಸಮ ಮಾಡಿದ್ದು ಇದೇ ವಿಶ್ವವಿದ್ಯಾಲಯ. ಆಗಲೂ ಮುಂದಿಟ್ಟದ್ದು ವಿದ್ಯಾರ್ಥಿ ವಸತಿಯ ಹೆಸರನ್ನೇ. ಮನೆ ಉರುಳಿದ ಮೇಲೆ ದುಡ್ಡಿಲ್ಲವೆಂದು ಕೈಚೆಲ್ಲಿತು. ಉಳಿದದ್ದು ಕೆಸರು, ಇಟ್ಟಿಗೆ ಚೂರು, ಯಾರೋ ಬಿಟ್ಟುಹೋದ ಹಳೇ ಕಾರುಗಳು.

ಆ ಕೆಸರಿಗೆ 1969ರ ಏಪ್ರಿಲ್ 20ರಂದು ಜನ ಇಳಿದರು. ಅಪ್ಪಣೆ ಕೇಳಲಿಲ್ಲ, ಟೆಂಡರು ಕರೆಯಲಿಲ್ಲ. ವಿದ್ಯಾರ್ಥಿಗಳು, ಅಂಗಡಿಯವರು, ಮಕ್ಕಳನ್ನು ಕಟ್ಟಿಕೊಂಡು ಬಂದ ತಾಯಂದಿರು. ಗುದ್ದಲಿ ಹಿಡಿದವರೇ ಮೇಸ್ತ್ರಿಗಳು. ಮೂರೇ ವಾರದಲ್ಲಿ ಹುಲ್ಲು, ಹೂವು, ಮರ, ಮಕ್ಕಳಿಗೆ ಆಡುವ ಜಾಗ. ವಿಶ್ವವಿದ್ಯಾಲಯದ ದೊಡ್ಡ ತಲೆಗಳಿಗೆ ವರ್ಷಗಟ್ಟಲೆ ಹೊಳೆಯದ ಕೆಲಸ!

ಅದನ್ನು ಸಹಿಸುತ್ತಾರೆಯೇ? ಮೇ 15ರ ನಸುಕಿಗೆ ಪೊಲೀಸರು ನುಗ್ಗಿದರು. ಗವರ್ನರ್ ಕುರ್ಚಿಯಲ್ಲಿದ್ದದ್ದು ರೊನಾಲ್ಡ್ ರೇಗನ್. ಗಿಡಗಳನ್ನು ಕಿತ್ತು ಬೇಲಿ ಹಾಕಿದರು. ಮಧ್ಯಾಹ್ನ ಸಾವಿರಾರು ಜನ ಬೀದಿಗಿಳಿದಾಗ ಕೌಂಟಿ ಶೆರಿಫನ ಪೊಲೀಸ್ ಪಡೆ ಗುಂಡು ಹಾರಿಸಿತು. ಮಾಳಿಗೆಯ ಮೇಲಿದ್ದ 25ರ ಜೇಮ್ಸ್ ರೆಕ್ಟರ್ ನಾಲ್ಕು ದಿನ ನರಳಿ ಸತ್ತ. ಅಲನ್ ಬ್ಲ್ಯಾಂಚರ್ಡ್‌ನ ಕಣ್ಣುಗಳೇ ಹೋದವು. ಊರಿಗೆ ನ್ಯಾಷನಲ್ ಗಾರ್ಡ್ ಬಂತು, ಹೆಲಿಕಾಪ್ಟರ್ ಕ್ಯಾಂಪಸ್ಸಿನ ಮೇಲೆ ಅಶ್ರುವಾಯು ಸುರಿಯಿತು. ಹುಲ್ಲು ನೆಟ್ಟ ತಪ್ಪಿಗೆ!

ಆಮೇಲಾದರೂ ಬುದ್ಧಿ ಬಂತೇ? 1972ರಲ್ಲಿ ಜನ ಬೇಲಿ ಕಿತ್ತೆಸೆದರು. 1979ರಲ್ಲಿ ಪಾರ್ಕಿಂಗ್‌ಗೆಂದು ವಿಶ್ವವಿದ್ಯಾಲಯ ಡಾಂಬರು ಹಾಕಿತು. ಜನ ಅದನ್ನೂ ಅಗೆದು ತೆಗೆದರು. 1991ರಲ್ಲಿ ವಾಲಿಬಾಲ್ ಅಂಕಣ ಮಾಡಿತು. ಕೆಲವು ವರ್ಷಕ್ಕೆ ಅದನ್ನು ತಾನೇ ತೆಗೆಯಿತು. ಇದನ್ನು ಯೋಜನೆ ಎಂದು ಕರೆಯುವವರಿಗೆ ನಾಚಿಕೆಯಿರಬೇಕು.

ಪಾರ್ಕಿನಲ್ಲಿ ಮಾದಕವಸ್ತು, ಹೊಡೆದಾಟ ಇರಲಿಲ್ಲವೇ ಎನ್ನುತ್ತಾರೆ. ಇತ್ತು. ಹಸಿದವರಿಗೆ ಊಟ ಬಡಿಸುತ್ತಿದ್ದದ್ದೂ, ಬೇಕಾದವರು ಒಯ್ಯಲೆಂದು ಬಟ್ಟೆ ಇಡುತ್ತಿದ್ದದ್ದೂ ಅಲ್ಲೇ. ಊರು ಹೊರದಬ್ಬಿದವರಿಗೆ ನಿಲ್ಲಲು ಬೇರೆಲ್ಲಿ ಜಾಗವಿತ್ತು?

2022ರಲ್ಲಿ ಈ ಪಾರ್ಕು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು. ಅದೇ ವರ್ಷದ ಆಗಸ್ಟಿನಲ್ಲಿ ಗರಗಸಗಳು ಬಂದವು. ಹತ್ತಾರು ಮರಗಳು ಉರುಳಿದವು. ಜನ ಅಡ್ಡ ನಿಂತ ಮೇಲೆ ಕೆಲಸ ಅಂದೇ ನಿಂತಿತು. ನಿಂತರೇನು, ಮರ ಮತ್ತೆ ಎದ್ದೀತೇ? ಮರುವರ್ಷ ಮೇಲ್ಮನವಿ ಕೋರ್ಟು ಯೋಜನೆಯನ್ನು ತಡೆದಾಗ ರಾಜ್ಯದ ಶಾಸನಸಭೆ ಕಾನೂನನ್ನೇ ತಿದ್ದಿತು. 2024ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ತಿದ್ದಿದ ಕಾನೂನಿನ ಪ್ರಕಾರ ತೀರ್ಪಿತ್ತಿತು. ಕಂಟೇನರುಗಳು ಬಂದು ಅಷ್ಟೊತ್ತಿಗೆ ಐದು ತಿಂಗಳಾಗಿತ್ತು.

ಇನ್ನು ಕಟ್ಟಡಗಳ ನಡುವೆ ಹಸಿರು ಜಾಗ ಬಿಡುತ್ತಾರಂತೆ, ಪಾರ್ಕಿನ ಹೋರಾಟಕ್ಕೊಂದು ಸ್ಮಾರಕವನ್ನೂ ಇಡುತ್ತಾರಂತೆ. ಕೊಂದ ಕೈಯೇ ತಿಥಿ ಊಟ ಬಡಿಸಲು ಎಲೆ ಹಾಕಿದೆ. ಆ ಎಲೆಯ ಮುಂದೆ ಕೂರಬೇಡಿ.